ಮನೆಮಂದಿಗೆಲ್ಲ ಒಂದೇ ಟವಲು

ಬೆಳಗಿನ ಏಳೂವರೆ ಗಂಟೆ. ಬಚ್ಚಲುಮನೆಯ ಬಾಗಿಲ ಹಿಂದೆ ಒಂದು ಗೂಟ. ಗೂಟದ ಮೇಲೆ ದಪ್ಪನೆಯ ನೀಲಿ ಬಣ್ಣದ ಟರ್ಕಿ ಟವಲು. ಮೊದಲು ಸ್ನಾನ ಮುಗಿಸಿದ ಯಜಮಾನರು ಅದರಿಂದ ಮೈ ಒರಸಿಕೊಂಡು ಆಫೀಸಿಗೆ ಸಿದ್ಧರಾಗುತ್ತಾರೆ. ಅವರ ಬೆನ್ನಿಗೇ ಶಾಲೆಗೆ ಹೊತ್ತಾಯಿತೆಂದು ಓಡಿಬರುವ ಮಗ. ಅವನ ಹಿಂದೆ ಕಾಲೇಜಿನ ಬಸ್ಸು ತಪ್ಪೀತೆಂಬ ಆತಂಕದಲ್ಲಿರುವ ಮಗಳು. ಎಲ್ಲರ ಅವಸರವೂ ತೀರಿದ ಮೇಲೆ ಮನೆಯಾಕೆಯ ಸರದಿ. ಅಷ್ಟು ಹೊತ್ತಿಗೆ ಟವಲು ಹಿಂಡಿದರೆ ನೀರು ತೊಟ್ಟಿಕ್ಕುವಷ್ಟು ಒದ್ದೆಯಾಗಿರುತ್ತದೆ. ಆಕೆ ಅದರಲ್ಲಿಯೇ ಒಣಗಿದ ಮೂಲೆಯೊಂದನ್ನು ಹುಡುಕಿ ಮುಖವನ್ನೊತ್ತಿಕೊಂಡು, ಮತ್ತೆ ಅದೇ ಗೂಟಕ್ಕೆ ತಗುಲಿಹಾಕಿ, ಬಾಗಿಲೆಳೆದುಕೊಂಡು ಅಡಿಗೆಮನೆಗೆ ನಡೆಯುತ್ತಾಳೆ. ಬಿಸಿನೀರಿನ ಹಬೆ ಇನ್ನೂ ಆರದ ಆ ಕೋಣೆಯಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ, ಟವಲು ಮುದುಡಿಕೊಂಡು ಮರುದಿನದ ಬೆಳಗಿನವರೆಗೆ ತೂಗುತ್ತಿರುತ್ತದೆ.

ಈ ಮನೆಯನ್ನು ಯಾರೂ ಕೊಳಕು ಮನೆ ಎನ್ನಲಾರರು. ನೆಲವನ್ನು ದಿನಕ್ಕೆರಡು ಬಾರಿ ಗುಡಿಸಿ ಒರಸುತ್ತಾರೆ. ಪಾತ್ರೆಗಳು ಕನ್ನಡಿಯಂತೆ ಹೊಳೆಯುತ್ತವೆ. ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಅಡಿಯಿಡುವಂತಿಲ್ಲ. ಆದರೂ ಆಷಾಢದಲ್ಲಿ ಮಗನ ತೊಡೆಯ ಸಂದಿನಲ್ಲಿ ರೂಪಾಯಿಯ ಬಿಲ್ಲೆಯಷ್ಟಗಲದ ಕೆಂಪು ಬಳೆಯೊಂದು ಮೂಡಿತು. ಹುಡುಗ ಸಂಕೋಚದಿಂದ ಯಾರಿಗೂ ಹೇಳದೆ ಔಷಧದ ಅಂಗಡಿಯಿಂದ ಮುಲಾಮೊಂದನ್ನು ತಂದು ಹಚ್ಚಿಕೊಂಡ. ನಾಲ್ಕು ದಿನಕ್ಕೆ ತುರಿಕೆ ನಿಂತಿತು. ತಿಂಗಳಿಗೆ ಮತ್ತೆ ಬಂತು, ಮೊದಲಿನ ಎರಡರಷ್ಟು ಅಗಲವಾಗಿ. ನವರಾತ್ರಿಯ ಹೊತ್ತಿಗೆ ತಾಯಿಯ ಸೊಂಟದ ಸುತ್ತ, ದೀಪಾವಳಿಯ ಹೊತ್ತಿಗೆ ತಂದೆಯ ಬೆನ್ನಿನಲ್ಲಿ, ಸಂಕ್ರಾಂತಿಯ ಹೊತ್ತಿಗೆ ಮಗಳ ಕತ್ತಿನಲ್ಲಿ. ಕತ್ತಿನ ಕಲೆಯನ್ನು ಮರೆಸಲೆಂದು ಹುಡುಗಿ ಸೆಕೆಯಲ್ಲಿಯೂ ದುಪಟ್ಟವನ್ನು ಬಿಗಿಯಾಗಿ ಸುತ್ತಿಕೊಂಡು ಹೋಗತೊಡಗಿದಳು. ಬೆವರಿಗೆ ಕಲೆ ಇನ್ನಷ್ಟು ಹರಡಿತು. ಕಾಲೇಜಿನ ನಾಟಕದಲ್ಲಿ ತನಗೆ ದೊರೆತಿದ್ದ ಪಾತ್ರವನ್ನು, ಕಾರಣ ಹೇಳದೆ, ಬಿಟ್ಟುಕೊಟ್ಟಳು.

ಇಂಥದೊಂದು ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಚರ್ಮವೈದ್ಯರ ಕೋಣೆಯ ಹೊರಗೆ ಬೆಂಚುಗಳ ಮೇಲೆ ಕುಳಿತವರಲ್ಲಿ ಇಂಥ ಮನೆಗಳವರು ಎಷ್ಟೋ ಮಂದಿ. ಒಬ್ಬೊಬ್ಬರೂ ಒಂದೊಂದು ದಿನ ಬಂದು ಒಂದೊಂದು ಮುಲಾಮನ್ನು ಒಯ್ಯುತ್ತಾರೆ. ಬಾಗಿಲ ಹಿಂದಿನ ಟವಲನ್ನು ಮಾತ್ರ ಯಾರೂ ವೈದ್ಯರ ಬಳಿಗೆ ಕರೆತರುವುದಿಲ್ಲ.

ಟವಲಿನಲ್ಲಿ ಇರುವುದೇನು?

ಸ್ನಾನ ಮಾಡಿದ ಮೈ ಶುದ್ಧವಾಗಿರುತ್ತದೆ. ಶುದ್ಧವಾದ ಮೈಯನ್ನು ಒರಸಿದ ಬಟ್ಟೆ ಕೊಳೆಯಾಗುವುದೆಂತು? ಬಹುಮಟ್ಟಿಗೆ ಎಲ್ಲ ಮನೆಗಳಲ್ಲಿಯೂ ಕೇಳಿಬರುವ ವಾದವಿದು. ಮೇಲುನೋಟಕ್ಕೆ ಸಮಂಜಸವಾಗಿಯೇ ಕಾಣುತ್ತದೆ. ಆದರೆ ಮನುಷ್ಯನ ಚರ್ಮ ಒಮ್ಮೆ ಬೆಳಗಿಟ್ಟರೆ ಹಾಗೆಯೇ ಉಳಿಯುವ ಹಿತ್ತಾಳೆಯ ತಂಬಿಗೆಯಲ್ಲ. ಅದರ ಹೊರಪದರವು ಸತ್ತ ಜೀವಕೋಶಗಳ ಹಾಸು. ಕೆಳಗಿನ ಪದರದಲ್ಲಿ ಹುಟ್ಟಿದ ಹೊಸ ಕೋಶಗಳು ಮೆಲ್ಲಮೆಲ್ಲನೆ ಮೇಲೇರಿ, ಸುಮಾರು ನಾಲ್ಕು ವಾರಗಳಲ್ಲಿ ಹೊರಮೈಯನ್ನು ಸೇರಿ, ಕಣ್ಣಿಗೆ ಕಾಣದ ಹೊಟ್ಟಾಗಿ ಉದುರುತ್ತವೆ. ಸ್ನಾನದಲ್ಲಿ ನೆನೆದು ಮೆತ್ತಗಾದ ಈ ಹೊಟ್ಟು ಟವಲಿನ ಉಜ್ಜಾಟಕ್ಕೆ ಸುಲಭವಾಗಿ ಕಿತ್ತುಬರುತ್ತದೆ. ಅದರೊಡನೆ ಮೈಯ ಜಿಡ್ಡು, ಪೂರ್ತಿ ತೊಳೆದುಹೋಗದ ಸಾಬೂನು, ಎಷ್ಟು ಮಿಂದರೂ ಮೈಮೇಲೆ ಉಳಿದೇ ಇರುವ ಅಸಂಖ್ಯ ಸೂಕ್ಷ್ಮಜೀವಿಗಳು—ಇವೆಲ್ಲವೂ ಟವಲಿಗೆ ಸೇರುತ್ತವೆ.

ಈ ಜೀವಿಗಳಲ್ಲಿ ಬಹುಪಾಲು ನಿರುಪದ್ರವಿಗಳು. ಕೆಲವು ಚರ್ಮಕ್ಕೆ ಕಾವಲಾಗಿಯೂ ಇರುವಂಥವು. ಅವುಗಳ ಹೆಸರು ಕೇಳಿದ ಮಾತ್ರಕ್ಕೆ ಬೆಚ್ಚಬೇಕಾದದ್ದಿಲ್ಲ. ಅವು ಬೆಳೆಯಲು ಆಹಾರ ಬೇಕು, ಬೆಚ್ಚನೆಯ ತಾವು ಬೇಕು, ತೇವ ಬೇಕು. ಆಹಾರವನ್ನು ನಾವೇ ದಿನವೂ ಒರಸಿಕೊಡುತ್ತೇವೆ. ಬೆಚ್ಚನೆಯ ಹವೆಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ತಡೆಯಲು ಸಾಧ್ಯವಿರುವುದು ತೇವವನ್ನು ಮಾತ್ರ. ಟವಲಿನ ನಿಜವಾದ ಶತ್ರು ಕೊಳೆಯಲ್ಲ, ಒದ್ದೆ. ಬೆಳಗ್ಗೆ ಉಪಯೋಗಿಸಿದ ಟವಲು ಮಧ್ಯಾಹ್ನದೊಳಗೆ ಗರಿಗರಿಯಾಗಿ ಒಣಗಿದರೆ ಅದರಲ್ಲಿ ಉಳಿದ ಜೀವಿಗಳಿಗೆ ಬೆಳೆಯಲು ಅವಕಾಶವೇ ಇಲ್ಲ. ಸಂಜೆಯವರೆಗೂ ತಣ್ಣಗೆ ಇದ್ದರೆ, ತೊಳೆದು ಎರಡೇ ದಿನವಾಗಿದ್ದರೂ, ಅದು ಅವುಗಳ ತೋಟ. ಮೂಗಿಗೆ ಹಿಡಿದಾಗ ಬರುವ ಆ ಮುಗ್ಗಲು ವಾಸನೆ ತೋಟ ಚೆನ್ನಾಗಿ ಬೆಳೆದಿದೆಯೆಂಬುದರ ಸೂಚನೆ. ಅನೇಕರು ಅದರ ಮೇಲೆ ಸುಗಂಧದ ದ್ರಾವಣವನ್ನು ಸುರಿದು ಸಮಾಧಾನಪಟ್ಟುಕೊಳ್ಳುತ್ತಾರೆ.

ನಿರುಪದ್ರವಿಗಳ ಗುಂಪಿನಲ್ಲಿ ಉಪದ್ರವಿಗಳೂ ಉಂಟು. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕುರುಗಳ ಕೀವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ದ್ರಾಕ್ಷಿಯ ಗೊಂಚಲಿನಂತೆ ಕೂಡಿಕೊಂಡ ದುಂಡನೆಯ ಜೀವಿಗಳನ್ನು ಕಂಡು, 1882ರಲ್ಲಿ ಅವಕ್ಕೆ ಸ್ಟೆಫಿಲೊಕಾಕಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಸ್ಟೆಫಿಲೆ ಎಂದರೆ ದ್ರಾಕ್ಷಿಗೊಂಚಲು. ಆರೋಗ್ಯವಂತರಲ್ಲಿಯೇ ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಇದರ ಹೊಂಬಣ್ಣದ ಜಾತಿ ಸದ್ದಿಲ್ಲದೆ ನೆಲೆಸಿರುತ್ತದೆ. ಚರ್ಮದಲ್ಲಿ ಒಂದು ಗೀರು, ಕ್ಷೌರದ ಕತ್ತಿ ತಗುಲಿದ ಸಣ್ಣ ಗಾಯ, ಕೆರೆದು ಸುಲಿದ ಜಾಗ ದೊರೆತರೆ ಸಾಕು, ಕುರುವಾಗಿಯೋ ಕೀವುಗುಳ್ಳೆಯಾಗಿಯೋ ಏಳುತ್ತದೆ.

ಟವಲು ಇದಕ್ಕೆ ವಾಹನವಾದ ಪ್ರಸಂಗವೊಂದು ವೈದ್ಯಪತ್ರಿಕೆಗಳಲ್ಲಿಯೂ ದಾಖಲಾಗಿದೆ. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ರ್‍ಯಾಮ್ಸ್ ಎಂಬ ಫುಟ್‌ಬಾಲ್ ತಂಡದ 58 ಆಟಗಾರರಲ್ಲಿ ಐವರಿಗೆ ದೊಡ್ಡ ಕುರುಗಳೆದ್ದುವು. ಸಾಮಾನ್ಯ ಔಷಧಗಳಿಗೆ ಬಗ್ಗದ ಸ್ಟೆಫಿಲೊಕಾಕಸ್ಸೇ ಕಾರಣವೆಂದು ತಿಳಿಯಿತು. ಸರ್ಕಾರದ ರೋಗತಜ್ಞರು ಬಂದು ವಿಚಾರಿಸಲಾಗಿ, ಕೃತಕ ಹುಲ್ಲಿನ ಮೇಲೆ ಬಿದ್ದು ಚರ್ಮ ತರಚಿಕೊಂಡ ಆಟಗಾರರು ಆಟದ ನಡುವೆ ಒಂದೊಂದು ಟವಲನ್ನು ಮೂವರವರೆಗೂ ಹಂಚಿಕೊಳ್ಳುತ್ತಿದ್ದುದು ಬೆಳಕಿಗೆ ಬಂತು. ಹಣಕ್ಕೆ ಕೊರತೆಯಿಲ್ಲದ, ಸ್ವಂತ ವೈದ್ಯರನ್ನಿಟ್ಟುಕೊಂಡ ತಂಡದ ಗತಿಯೇ ಹೀಗಾದರೆ, ನಾಲ್ಕು ಜನಕ್ಕೆ ಒಂದು ಟವಲಿನ ಸಂಸಾರದ ಮಾತೇನು?

ಹುಳುವಿಲ್ಲದ ಹುಳುಕಡ್ಡಿ

ಮೇಲೆ ಹೇಳಿದ ಮನೆಯನ್ನು ಕಾಡಿದ್ದು ಕುರುವಲ್ಲ. ಕನ್ನಡದಲ್ಲಿ ಹುಳುಕಡ್ಡಿ ಎಂದೂ ಗಜಕರ್ಣವೆಂದೂ ಹೆಸರಾದ ಬೇನೆ. ಇಂಗ್ಲಿಷಿನವರೂ ತಮ್ಮ ಭಾಷೆಯಲ್ಲಿ ಇದನ್ನು ಉಂಗುರದ ಹುಳು ಎಂದೇ ಕರೆದರು. ಎರಡು ಭಾಷೆಗಳೂ ಒಂದೇ ತಪ್ಪು ಮಾಡಿದವೆನ್ನಬೇಕು. ಏಕೆಂದರೆ ಇದರಲ್ಲಿ ಹುಳುವೇ ಇಲ್ಲ. 1840ರ ದಶಕದಲ್ಲಿ ಪ್ಯಾರಿಸ್ ನಗರದಲ್ಲಿದ್ದ, ಹಂಗೇರಿ ಮೂಲದ ಡೇವಿಡ್ ಗ್ರೂಬಿ ಎಂಬ ವೈದ್ಯರು ಇಂಥ ರೋಗಗಳಿಗೆ ಕಾರಣ ಬೂಷ್ಟಿನ ಜಾತಿಗೆ ಸೇರಿದ ಶಿಲೀಂಧ್ರವೆಂದು ತೋರಿಸಿಕೊಟ್ಟರು. ಹಳೆಯ ರೊಟ್ಟಿಯ ಮೇಲೆ ಬೂಷ್ಟು ಹೇಗೆ ಸುತ್ತಲೂ ಹರಡುತ್ತದೆಯೋ ಹಾಗೆಯೇ ಇದು ಚರ್ಮದ ಮೇಲೆ ಬಳೆಯಾಕಾರವಾಗಿ ಹರಡುತ್ತದೆ. ನಡುಭಾಗ ವಾಸಿಯಾದಂತೆ ಕಂಡರೂ ಅಂಚು ಮುಂದುವರಿಯುತ್ತಲೇ ಇರುತ್ತದೆ. ಚರ್ಮದ ಸತ್ತ ಪದರವೇ ಇದರ ಆಹಾರ. ಆದಕಾರಣ ಟವಲಿಗೆ ಅಂಟಿದ ಒಂದು ಚೂರು ಹೊಟ್ಟಿನಲ್ಲಿ ಈ ಶಿಲೀಂಧ್ರದ ಬೀಜಾಣುಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡು ಕಾಯಬಲ್ಲವು. ಮುಲಾಮಿನಿಂದ ಮೈ ವಾಸಿಯಾದ ದಿನವೇ ಅದೇ ಟವಲು ಹೊಸ ಬೀಜವನ್ನು ಬಿತ್ತಿದರೆ ರೋಗಿ ಔಷಧವನ್ನು ದೂರುತ್ತಾನೆ.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಭಾರತದಲ್ಲಿ ಈ ಬೇನೆ ತನ್ನ ಸ್ವಭಾವವನ್ನೇ ಬದಲಿಸಿಕೊಂಡಿದೆ. ಹಿಂದೆ ಎರಡು ವಾರದ ಮುಲಾಮಿಗೆ ಅಡಗುತ್ತಿದ್ದುದು ಈಗ ತಿಂಗಳುಗಟ್ಟಲೆ ಗುಳಿಗೆ ನುಂಗಿದರೂ ಹಿಂದಿರುಗುತ್ತದೆ. ಭಾರತ ಮತ್ತು ನೇಪಾಳದ ರೋಗಿಗಳಿಂದ ದೊರೆತ ಶಿಲೀಂಧ್ರವನ್ನು ಪರೀಕ್ಷಿಸಿದ ಜಪಾನಿನ ವಿಜ್ಞಾನಿಗಳು 2020ರಲ್ಲಿ ಅದೊಂದು ಬೇರೆಯೇ ಜಾತಿಯೆಂದು ಗುರುತಿಸಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಹೆಸರನ್ನು ಕೊಟ್ಟರು. ನಮ್ಮ ದೇಶದ ಹೆಸರು ಒಂದು ಗಜಕರ್ಣಕ್ಕೆ ಅಂಟಿಕೊಂಡದ್ದು ಹೆಮ್ಮೆಪಡಬೇಕಾದ ಸಂಗತಿಯಂತೂ ಅಲ್ಲ. ಈ ರೋಗಕ್ಕೆ ಬಹುಕಾಲದಿಂದ ಬಳಕೆಯಲ್ಲಿದ್ದ ಟರ್ಬಿನಾಫಿನ್ ಎಂಬ ಔಷಧಕ್ಕೆ ಈ ಜಾತಿ ಅನೇಕ ವೇಳೆ ಜಗ್ಗುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರಿಗೂ ಬೇಗ ಹರಡುತ್ತದೆ.

ಇದು ಹೀಗೆ ಬೇರೂರಲು ಒಂದು ಮುಖ್ಯ ಕಾರಣ, ಹುಡುಗ ಅಂಗಡಿಯಿಂದ ತಂದನಲ್ಲ, ಅಂಥ ಮುಲಾಮು. ತುರಿಕೆಯನ್ನು ತಕ್ಷಣ ಅಡಗಿಸುವ ಸ್ಟೀರಾಯ್ಡನ್ನು ಬೇರೆ ಎರಡು ಮೂರು ಔಷಧಗಳೊಡನೆ ಬೆರೆಸಿದ ಮುಲಾಮುಗಳು ವೈದ್ಯರ ಚೀಟಿಯಿಲ್ಲದೆ ಸುಲಭವಾಗಿ ಕೈಗೆ ಸಿಕ್ಕುತ್ತಿದ್ದುವು. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಮರೆಸುತ್ತದೆ. ಜೊತೆಗೆ ಚರ್ಮದ ರಕ್ಷಣಾಶಕ್ತಿಯನ್ನೂ ಕುಗ್ಗಿಸುತ್ತದೆ. ಕಳ್ಳನನ್ನು ಹಿಡಿಯುವ ಬದಲು ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗಿ ಗೆರೆಗಳು ಬೀಳುತ್ತವೆ. ಆ ಗೆರೆಗಳು ಮಾಸುವುದಿಲ್ಲ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ನೆರೆಮನೆಯವರು ಕೊಟ್ಟ ಅರ್ಧ ಮುಗಿದ ಮುಲಾಮಿಗೆ ಯಾವ ನಿಯಮವೂ ಅನ್ವಯಿಸುವುದಿಲ್ಲವಷ್ಟೆ. ಕೆಂಪು ಬಳೆ ಕಂಡವರು ಚರ್ಮವೈದ್ಯರಿಗೆ ತೋರಿಸಿ, ಮನೆಯಲ್ಲಿ ಯಾರುಯಾರಿಗೆ ಹರಡಿದೆಯೋ ಅವರೆಲ್ಲರೂ ಒಂದೇ ಕಾಲಕ್ಕೆ ಚಿಕಿತ್ಸೆ ಪಡೆದು, ಹೇಳಿದಷ್ಟು ವಾರ ಮುಗಿಸುವುದೊಂದೇ ದಾರಿ. ಟವಲಿನ ಕೆಲಸ ಆ ಚಿಕಿತ್ಸೆಗೆ ಬದಲಿಯಲ್ಲ. ಆದರೆ ಅದನ್ನು ಮಾಡದೆ ಚಿಕಿತ್ಸೆ ನಿಲ್ಲುವುದೂ ಇಲ್ಲ.

ಅಗಸನ ಮೇಲಿನ ಅಪವಾದ

ಬಟ್ಟೆಯಿಂದ ರೋಗ ಹರಡುತ್ತದೆಂಬ ತಿಳಿವಳಿಕೆ ನಿನ್ನೆ ಮೊನ್ನೆಯದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಒಬ್ಬರಿಂದೊಬ್ಬರಿಗೆ ರೋಗ ದಾಟುವ ದಾರಿಗಳನ್ನು ಹೇಳುವಾಗ ಮೈಸೋಂಕು, ಉಸಿರು, ಸಹಭೋಜನ, ಒಂದೇ ಹಾಸಿಗೆ ಇವುಗಳೊಂದಿಗೆ ಮತ್ತೊಬ್ಬರ ವಸ್ತ್ರವನ್ನು ಬಳಸುವುದನ್ನೂ ಸೇರಿಸಿದೆ. ಹೀಗೆ ಹರಡುವ ರೋಗಗಳಲ್ಲಿ ಚರ್ಮರೋಗವೂ ಕಣ್ಣುಬೇನೆಯೂ ಉಂಟು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಕಣ್ಣಾರೆ ಕಂಡು ಕಟ್ಟಿದ ಮಾತು. ಹಳೆಯ ಮನೆಗಳ ಮಡಿಯ ಕಟ್ಟಳೆಯಲ್ಲಿಯೂ ಇದರ ನೆರಳುಂಟು. ಒಗೆದ ಬಟ್ಟೆಯನ್ನು ಯಾರ ಕೈಗೂ ಎಟುಕದ ಗಳುವಿನ ಮೇಲೆ ಹರವಿ, ಮಡಿಕೋಲಿನಿಂದಲೇ ತೆಗೆಯುವ ಕ್ರಮ ಬಟ್ಟೆ ಚೆನ್ನಾಗಿ ಒಣಗುವುದಕ್ಕೂ ಕೈಯಿಂದ ಕೈಗೆ ಹೋಗದಿರುವುದಕ್ಕೂ ಅನುಕೂಲವಾಗಿತ್ತು. ಆದರೆ ಒದ್ದೆಯ ಬಟ್ಟೆಯನ್ನೇ ಮಡಿಯೆಂದು ಗಂಟೆಗಟ್ಟಲೆ ಉಟ್ಟಿರುವುದು ಚರ್ಮಕ್ಕೆ ಒಳ್ಳೆಯದಾಗಿರಲಿಲ್ಲ. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟ ಅನ್ಯಾಯವನ್ನಂತೂ ಯಾವ ಆರೋಗ್ಯಶಾಸ್ತ್ರವೂ ಸಮರ್ಥಿಸಲಾರದು.

ಬ್ರಿಟಿಷರ ಕಾಲದಲ್ಲಿ ಈ ಕಥೆ ಬೇರೊಂದು ತಿರುವು ಪಡೆಯಿತು. ಇಲ್ಲಿಯ ಸೆಕೆಗೆ ತೊಡೆಯ ಸಂದಿನಲ್ಲಿ ಗಜಕರ್ಣ ಹತ್ತಿಸಿಕೊಂಡ ದೊರೆಗಳು ಅದಕ್ಕೆ 'ಧೋಬಿ ಇಚ್' ಎಂದು ಹೆಸರಿಟ್ಟರು. ಅಂದರೆ ಅಗಸನ ತುರಿಕೆ. ಒಗೆಯುವವನೇ ಎಲ್ಲರ ಬಟ್ಟೆಯನ್ನೂ ಬೆರೆಸಿ ರೋಗ ಹಚ್ಚುತ್ತಾನೆಂಬ ಆರೋಪ. ಆ ಹೆಸರು ವೈದ್ಯಗ್ರಂಥಗಳಲ್ಲಿ ಬಹುಕಾಲ ಉಳಿಯಿತು. ಇದರಲ್ಲಿ ನಿಜವೆಷ್ಟು? ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ, ಆಯುರ್ವೇದದಲ್ಲಿ ಭಲ್ಲಾತಕವೆಂದು ಹೆಸರಾದ ಕೇರುಬೀಜದ ರಸ ಕೆಲವರ ಮೈಗೆ ತಗುಲಿ ಬೊಕ್ಕೆಯೇಳಿಸುತ್ತಿತ್ತೆಂಬುದು ನಿಜ. ಆದರೆ ಅದು ಬೇರೆ ಬಗೆಯ ಬೇನೆ. ಗಜಕರ್ಣದ ಮಟ್ಟಿಗೆ ಅಗಸನ ಉಬ್ಬೆಯೇ ರೋಗಾಣುಗಳಿಗೆ ಯಮ. ಚೌಳುಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಕುದಿಯುವ ನೀರಿನ ಹಂಡೆಯ ಮೇಲೆ ಒಟ್ಟಿ, ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿ, ಕಲ್ಲಿಗೆ ಬಡಿದು, ಸುಡುಬಿಸಿಲಿನಲ್ಲಿ ಹರವುವ ಆ ಕ್ರಮವನ್ನು ದಾಟಿ ಬದುಕುವ ಶಿಲೀಂಧ್ರವಿಲ್ಲ. ಬೆವರಿನಲ್ಲಿ ತೊಯ್ದ ಉಡುಪನ್ನು ದಿನವಿಡೀ ಬಿಗಿಯಾಗಿ ತೊಟ್ಟವರು ತಮ್ಮ ತಪ್ಪನ್ನು ಮಡಿವಾಳನ ತಲೆಗೆ ಕಟ್ಟಿದರೆಂದೇ ಹೇಳಬೇಕು. ಈಗ ಉಬ್ಬೆ ಹೋಗಿ ತಣ್ಣೀರಿನ ಯಂತ್ರ ಬಂದಿದೆ. ಅಗಸನಿಗಿದ್ದ ಬಿಸಿಯ ಬಲ ಯಂತ್ರಕ್ಕಿಲ್ಲ.

ದಪ್ಪ ಟವಲು, ತೆಳ್ಳನೆಯ ಪಾಣಿಪಂಚೆ

ಟವಲಿನ ಆಯ್ಕೆಯಲ್ಲಿಯೂ ಸ್ವಲ್ಪ ವಿಚಾರ ಅಗತ್ಯ. ಎರಡು ಮಗ್ಗುಲಲ್ಲೂ ನೂಲಿನ ಕುಣಿಕೆಗಳೆದ್ದಿರುವ ದಪ್ಪ ಟವಲು ಹುಟ್ಟಿದ್ದು ತುರ್ಕಿಯ ಸ್ನಾನಗೃಹಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹೆನ್ರಿ ಕ್ರಿಸ್ಟಿ ಎಂಬ ಇಂಗ್ಲಿಷ್ ಗೃಹಸ್ಥ ಅಲ್ಲಿಗೆ ಪ್ರವಾಸ ಹೋಗಿ ಅದನ್ನು ಕಂಡು ಮಾದರಿಯೊಂದನ್ನು ಊರಿಗೆ ಒಯ್ದ. ಅವನ ಮನೆತನದ ಕಾರ್ಖಾನೆಯಲ್ಲಿ ಯಂತ್ರದಿಂದ ನೇಯ್ದ ಟವಲುಗಳು ಲಂಡನ್ನಿನ 1851ರ ಮಹಾಪ್ರದರ್ಶನದಲ್ಲಿ ಕಾಣಿಸಿಕೊಂಡುವು. ನಮ್ಮ ನಾಡಿನ ಗಡಿಯಾಚೆಗೇ ಇರುವ, ಕನ್ನಡಿಗರೂ ಬಹುಸಂಖ್ಯೆಯಲ್ಲಿರುವ ಸೊಲ್ಲಾಪುರ ಇಂದು ಚಾದರಗಳಿಗಾಗಿ ಹೇಗೋ ಹಾಗೆ ಈ ಬಗೆಯ ಟವಲುಗಳಿಗಾಗಿಯೂ ಪ್ರಸಿದ್ಧ. ಅವಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಕುಣಿಕೆಗಳ ಗುಣವೇ ಅವುಗಳ ದೋಷವೂ ಹೌದು. ಬಟ್ಟೆಯ ಮೈಯನ್ನು ಹಲವು ಪಟ್ಟು ಹೆಚ್ಚಿಸಿ ನೀರನ್ನು ಚೆನ್ನಾಗಿ ಹೀರುತ್ತವೆ. ಹೀರಿದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಚದರ ಮೀಟರಿಗೆ 500-600 ಗ್ರಾಂ ತೂಗುವ, ಹೋಟೆಲುಗಳಲ್ಲಿ ಕಾಣುವಂಥ ಟವಲು ಒಣಹವೆಯ ದೇಶಕ್ಕೋ, ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರವಿರುವ ಮನೆಗೋ ಸರಿ. ಶ್ರಾವಣದ ಮಂಗಳೂರಿಗೆ ಅಲ್ಲ. ಅಲ್ಲಿಯ ಹಿರಿಯರು ಬೈರಾಸನ್ನು ಬಿಡದಿರುವುದಕ್ಕೆ, ಹಳೆಯ ಮೈಸೂರಿನವರು ಪಾಣಿಪಂಚೆಯನ್ನು, ಕೇರಳದವರು ತೋರ್ತನ್ನು ಬಿಡದಿರುವುದಕ್ಕೆ ಜಿಪುಣತನ ಕಾರಣವಲ್ಲ. ತೆಳ್ಳಗೆ ನೇಯ್ದ ಆ ಹತ್ತಿಯ ಬಟ್ಟೆ ಒಮ್ಮೆ ಒರಸಿ, ಹಿಂಡಿ, ಕೊಡವಿ ಮತ್ತೆ ಒರಸಿದರೆ ಮೈಯ ನೀರನ್ನೆಲ್ಲ ತೆಗೆಯುತ್ತದೆ. ಗಾಳಿಗೆ ಹರವಿದರೆ ಗಂಟೆ ಎರಡು ಗಂಟೆಯಲ್ಲಿ ಒಣಗುತ್ತದೆ. ದಿನವೂ ಒಗೆಯಲು ಹಗುರ. ಒಂದು ದಪ್ಪ ಟವಲಿನ ಬೆಲೆಗೆ ಇಂಥವು ಮೂರು ನಾಲ್ಕು ಬರುತ್ತವೆ. ಅಂದಮೇಲೆ 'ಒಬ್ಬೊಬ್ಬರಿಗೂ ಎರಡೆರಡು ಟವಲು ಎಲ್ಲಿಂದ ತರುವುದು' ಎಂಬ ಆಕ್ಷೇಪಣೆಗೂ ಉತ್ತರ ಸಿಕ್ಕಿತು. ದಪ್ಪ ಟವಲಿನ ಹಿತವೇ ಬೇಕೆಂಬವರು ಬೇಸಗೆಯಲ್ಲಿ ಅದನ್ನಿಟ್ಟುಕೊಂಡು ಮಳೆಗಾಲಕ್ಕೆ ತೆಳುವಾದದ್ದನ್ನು ಹೊರಗೆ ತೆಗೆಯಬಹುದು.

ಒಗೆಯುವುದು, ಒಣಗಿಸುವುದು

ಆರೋಗ್ಯವಂತರಿರುವ ಮನೆಯಲ್ಲಿ, ಪ್ರತಿಸಲವೂ ಚೆನ್ನಾಗಿ ಒಣಗುವ ಟವಲನ್ನು ಮೂರು ನಾಲ್ಕು ಸ್ನಾನಗಳಿಗೊಮ್ಮೆ ಒಗೆದರೆ ಸಾಕು. ಒಣಗದೆ ಉಳಿದದ್ದನ್ನು ಲೆಕ್ಕ ನೋಡದೆ ಅಂದೇ ಒಗೆಯಬೇಕು. ಮುಖ ಒರಸುವ ಸಣ್ಣ ಬಟ್ಟೆಯನ್ನು ಬೇರೆ ಇಟ್ಟು ದಿನವೂ ಬದಲಿಸುವುದು ಲೇಸು. ಮೊಡವೆಯಿರುವ ಮಕ್ಕಳಿಗೆ ಇದು ಅವಶ್ಯ. ಅವರು ಮುಖವನ್ನು ಉಜ್ಜದೆ ಮೆಲ್ಲಗೆ ಒತ್ತಿ ತೇವ ತೆಗೆಯಬೇಕು. ಕೈ ತೊಳೆಯುವ ತೊಟ್ಟಿಯ ಬಳಿ ನೇತಾಡುವ ಕೈಬಟ್ಟೆಯನ್ನು ಎಲ್ಲರೂ ಮರೆಯುತ್ತಾರೆ. ಬಂದ ನಂಟರು, ಆಡಿ ಬಂದ ಮಕ್ಕಳು, ಊಟ ಮುಗಿಸಿದವರು ಎಲ್ಲರ ಕೈಯೂ ಅದಕ್ಕೇ. ಮನೆಯಲ್ಲಿ ಎಲ್ಲಕ್ಕಿಂತ ಒದ್ದೆಯಾದ ಬಟ್ಟೆ ಅದು. ನಿತ್ಯವೂ ಬದಲಿಸತಕ್ಕದ್ದು.

ಚರ್ಮರೋಗ ಹೊಕ್ಕ ಮನೆಯಲ್ಲಿ ಸಾಧಾರಣ ಒಗೆತ ಸಾಲದು. ಗಜಕರ್ಣದ ಬೀಜಾಣುಗಳನ್ನು ನೆಚ್ಚಿಗೆಯಾಗಿ ಕೊಲ್ಲಲು 60 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾದ ನೀರು ಬೇಕು. ಸ್ನಾನದ ಬಿಸಿನೀರು ಸುಮಾರು 40 ಡಿಗ್ರಿ. ಅದರಲ್ಲಿ ಬೀಜಾಣುಗಳೂ ಸುಖವಾಗಿ ಮೀಯುತ್ತವೆ. ಮೇಲಿನಿಂದ ಬಟ್ಟೆ ತುಂಬುವ ಅನೇಕ ಯಂತ್ರಗಳಲ್ಲಿ ನೀರು ಕಾಯಿಸುವ ಏರ್ಪಾಡೇ ಇಲ್ಲ. ಅಂಥ ಮನೆಗಳಲ್ಲಿ ಟವಲುಗಳನ್ನೂ ಒಳಉಡುಪುಗಳನ್ನೂ ಲೋಹದ ಬಕೆಟ್ಟಿನಲ್ಲಿಟ್ಟು, ಸಾಬೂನಿನ ಪುಡಿ ಹಾಕಿ, ಕುದಿಯುವ ನೀರನ್ನು ಮುಳುಗುವಷ್ಟು ಸುರಿದು, ಮುಚ್ಚಳ ಮುಚ್ಚಿ ಅರ್ಧ ಗಂಟೆ ಬಿಟ್ಟು ಆಮೇಲೆ ಒಗೆಯಬಹುದು. ಚಿಕ್ಕ ಮಕ್ಕಳನ್ನು ಆ ಕಡೆಗೆ ಬಿಡಬಾರದೆಂಬುದನ್ನು ಹೇಳಬೇಕಾಗಿಲ್ಲ. ರೋಗವಿರುವವರ ಬಟ್ಟೆಯನ್ನು ಉಳಿದವರ ಬಟ್ಟೆಯೊಡನೆ ಒಂದೇ ಬುಟ್ಟಿಯಲ್ಲಿ ತುಂಬಿಡಕೂಡದು. ಒಣಗಿದ ಮೇಲೆ ಚೆನ್ನಾಗಿ ಕಾದ ಇಸ್ತ್ರಿಪೆಟ್ಟಿಗೆಯನ್ನು ಎರಡು ಮಗ್ಗುಲಿಗೂ ಆಡಿಸಿದರೆ ಮತ್ತೂ ಭದ್ರ. ಬಿಳಿಯ ಹತ್ತಿಬಟ್ಟೆಗೆ ಬ್ಲೀಚು ಹಾಕುವವರು ಅದನ್ನು ಕಕ್ಕಸು ತೊಳೆಯುವ ಆಮ್ಲದೊಡನೆಯಾಗಲಿ ವಿನಿಗರ್‌ನೊಡನೆಯಾಗಲಿ ಎಂದಿಗೂ ಬೆರೆಸಬಾರದು; ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ.

ಸಾಬೂನಿನ ಪುಡಿ ಹೆಚ್ಚು ಹಾಕಿದಷ್ಟೂ ಹೆಚ್ಚು ಶುದ್ಧವೆಂಬುದು ತಪ್ಪು ಎಣಿಕೆ. ಸರಿಯಾಗಿ ಜಾಲಿಸದಿದ್ದರೆ ನೂಲಿನಲ್ಲಿ ಉಳಿದ ಪುಡಿಯೇ ಕೋಮಲ ಚರ್ಮಕ್ಕೆ ತುರಿಕೆ ತರುತ್ತದೆ. ಬಟ್ಟೆಯನ್ನು ಮೆದುವಾಗಿಸುವ ದ್ರಾವಣಗಳು ನೂಲಿಗೆ ಜಿಡ್ಡಿನ ಲೇಪ ಕೊಡುತ್ತವೆ. ಹಾಗಾದ ಟವಲು ನೀರನ್ನೇ ಹೀರುವುದಿಲ್ಲ. ನೀರು ಹೀರದ ಟವಲು ಎಷ್ಟು ಮೆದುವಾಗಿದ್ದರೇನು!

ಒಣಗಿಸುವುದಕ್ಕೆ ಬಿಸಿಲಿಗಿಂತ ಮಿಗಿಲಾದುದಿಲ್ಲ. ಶಾಖವೂ ಅದರೊಳಗಿನ ನೇರಳಾತೀತ ಕಿರಣಗಳೂ ಕೂಡಿ ಬಟ್ಟೆಯ ಮೇಲಿನ ರೋಗಾಣುಗಳನ್ನು ಕುಗ್ಗಿಸುತ್ತವೆ. ಮಡಿಸದೆ ಪೂರ್ಣವಾಗಿ ಹರವಿ, ನಡುವೆ ಒಮ್ಮೆ ಮಗ್ಗುಲು ಬದಲಿಸಬೇಕು. ಬಿಸಿಲು ಬೀಳದ ವಠಾರದ ಮನೆಗಳಲ್ಲಿ, ಎತ್ತರದ ಕಟ್ಟಡಗಳ ಕಿರುಜಗಲಿಗಳಲ್ಲಿ ಗಾಳಿಯಾದರೂ ಸಿಗಬೇಕು. ಗೂಟಕ್ಕಿಂತ ಅಡ್ಡಗಳು ಮೇಲು: ಗೂಟದಲ್ಲಿ ಟವಲು ಮುದುಡಿಕೊಳ್ಳುತ್ತದೆ, ಗಳುವಿನ ಮೇಲೆ ಮೈಚಾಚುತ್ತದೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲ್ಗಡೆ ಬಟ್ಟೆ ಹರವುತ್ತಿದ್ದರು; ಬಾಣಂತಿಯ ಮನೆಗಳಲ್ಲಿ ಅಗ್ಗಿಷ್ಟಿಕೆಯ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಕೂಸಿನ ಬಟ್ಟೆಗಳನ್ನು ಒಣಗಿಸುತ್ತಿದ್ದರು. ಒಲೆ ಹೋದ ಇಂದಿನ ಮನೆಗಳಲ್ಲಿ ಕೋಣೆಯ ಬೀಸಣಿಗೆಯ ಕೆಳಗೆ ಹರವಿ, ಕೊನೆಗೆ ಇಸ್ತ್ರಿ ಮಾಡುವುದು ಅದಕ್ಕೆ ಸಾಟಿ. ಅರೆತೇವದ ಟವಲನ್ನು ಮಡಿಸಿ ಬೀರುವಿನಲ್ಲಿಟ್ಟರೆ ಅದು ತನ್ನ ಮುಗ್ಗನ್ನು ಸುತ್ತಲಿನ ಬಟ್ಟೆಗಳಿಗೂ ಹಂಚುತ್ತದೆ.

ತುರಿಕಜ್ಜಿಯ ವಿಚಾರ ಸ್ವಲ್ಪ ಬೇರೆ. ಅದನ್ನುಂಟುಮಾಡುವ ಸಣ್ಣ ಹುಳು ಮನುಷ್ಯನ ಮೈ ಬಿಟ್ಟರೆ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು. ಚಿಕಿತ್ಸೆಗೆ ಮುಂಚಿನ ಮೂರು ದಿನಗಳಲ್ಲಿ ಬಳಸಿದ ಟವಲು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದ್ದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬದಿಗಿಡಬಹುದು.

ಕಣ್ಣಿನ ಮಾತನ್ನೂ ಇಲ್ಲಿ ಹೇಳಿಬಿಡಬೇಕು, ಏಕೆಂದರೆ ಮೈ ಒರಸುವ ಬಟ್ಟೆಯೇ ಕಣ್ಣನ್ನೂ ಒರಸುತ್ತದೆ. 2023ರ ಮಳೆಗಾಲದಲ್ಲಿ ಕರ್ನಾಟಕವೂ ಸೇರಿದಂತೆ ಅನೇಕ ರಾಜ್ಯಗಳಲ್ಲಿ ಕೆಂಗಣ್ಣು ಬೇನೆ ಹಬ್ಬಿದಾಗ ವೈದ್ಯರು ಸಾರಿಸಾರಿ ಹೇಳಿದ ಮಾತುಗಳಲ್ಲಿ ಟವಲು ಹಂಚಿಕೊಳ್ಳಬೇಡಿ ಎಂಬುದೂ ಒಂದು. ಅದು ಒಂದೆರಡು ವಾರದ ಬಾಧೆ. ಆದರೆ ಟ್ರಕೋಮ ಎಂಬ ಕಣ್ಣುರೋಗ ಹಿಂದೆ ಎಷ್ಟೋ ಜನರ ದೃಷ್ಟಿಯನ್ನೇ ಕಸಿದುಕೊಂಡಿತ್ತು. ಬೆರಳು, ನೊಣ, ಮುಖ ಒರಸುವ ಬಟ್ಟೆ ಇವೇ ಅದರ ದಾರಿಗಳು. ಭಾರತ ಸರ್ಕಾರ 1963ರಲ್ಲಿ ಅದರ ನಿಯಂತ್ರಣದ ಕಾರ್ಯಕ್ರಮವನ್ನು ಆರಂಭಿಸಿತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂಬ ಮಟ್ಟಿಗೆ ಟ್ರಕೋಮ ಭಾರತದಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2024ರಲ್ಲಿ. ಆ ಅರವತ್ತು ವರ್ಷಗಳ ದುಡಿಮೆಯಲ್ಲಿ ಔಷಧದಷ್ಟೇ ಪಾತ್ರ ಶುದ್ಧವಾದ ನೀರಿಗೂ ತೊಳೆದ ಮುಖಕ್ಕೂ ಇತ್ತು.

ಮನೆಯ ಹೊರಗೂ ಟವಲುಗಳುಂಟು: ಕ್ಷೌರದಂಗಡಿಯಲ್ಲಿ ಕತ್ತಿನ ಸುತ್ತ ಕಟ್ಟುವ ಬಟ್ಟೆ, ವಿದ್ಯಾರ್ಥಿನಿಲಯದಲ್ಲಿ ಗೆಳೆಯನಿಂದ ಕಡ ಪಡೆದದ್ದು, ಮದುವೆಮನೆಯಲ್ಲಿ ಕೈ ತೊಳೆದ ಸಾಲುಸಾಲು ಜನ ಒರಸಿಕೊಳ್ಳುವುದು. ಚೀಲದಲ್ಲಿ ಸ್ವಂತದ್ದೊಂದು ಸಣ್ಣ ಬಟ್ಟೆಯಿಟ್ಟುಕೊಂಡರೆ ಯಾರಿಗೂ ಮುಖ ಮುರಿಯದೆ ಇವನ್ನೆಲ್ಲ ದಾಟಬಹುದು. ಕ್ಷೌರಿಕನಿಗೆ ಒಗೆದ ಬಟ್ಟೆ ಹಾಕೆಂದು ಕೇಳಲು ನಾಚಬೇಕಾದದ್ದಿಲ್ಲ. ಕತ್ತಿಯ ಅಲಗು ಹೊಸತೇ ಎಂದು ಕೇಳುವುದಿಲ್ಲವೇ?

ಮೊದಲು ಕಂಡ ಮನೆಗೆ ಹಿಂದಿರುಗಿದರೆ, ಅಲ್ಲಿ ನಾಲ್ವರೂ ಒಂದೇ ದಿನ ವೈದ್ಯರ ಬಳಿಗೆ ಹೋದರೆಂದು ಇಟ್ಟುಕೊಳ್ಳೋಣ. ವೈದ್ಯರು ಔಷಧ ಬರೆಯುವ ಮುನ್ನ ಕೇಳಿದ ಪ್ರಶ್ನೆ ಒಂದೇ: "ನಿಮ್ಮ ಮನೆಯಲ್ಲಿ ಟವಲು ಎಷ್ಟು?" ಉತ್ತರ ಹೇಳಲು ಗಂಡ ಹೆಂಡತಿಯ ಮುಖ ನೋಡಿದರು, ಹೆಂಡತಿ ಗಂಡನ ಮುಖ ನೋಡಿದಳು. ಆ ವಾರವೇ ಎಂಟು ಪಾಣಿಪಂಚೆಗಳು ಬಂದುವು. ಬಣ್ಣಬಣ್ಣದ ನೂಲಿನಿಂದ ಅಂಚಿಗೆ ಗುರುತು ಹೊಲಿದದ್ದು ಮಗಳು: ತಂದೆಗೆ ಹಸುರು, ತಾಯಿಗೆ ಕೆಂಪು, ತಮ್ಮನಿಗೆ ನೀಲಿ, ತನಗೆ ಹಳದಿ. ಮಾಳಿಗೆಯ ಮೇಲೆ ಉದ್ದನೆಯ ತಂತಿ ಕಟ್ಟಿದ್ದಾಯಿತು. ಭಾನುವಾರ ಬೆಳಗ್ಗೆ ನೀರು ಕುದಿಸುವ ಕೆಲಸ ಯಜಮಾನರ ಪಾಲಿಗೆ ಬಂತು. ಈವರೆಗೆ ಒಗೆತವೆಂದರೆ ಏನೆಂದು ತಿಳಿಯದಿದ್ದ ಅವರು ಮೊದಲ ದಿನ ಅರ್ಧ ಪೊಟ್ಟಣ ಸಾಬೂನಿನ ಪುಡಿಯನ್ನು ಸುರಿದು ಬಚ್ಚಲೆಲ್ಲ ನೊರೆ ಮಾಡಿದರಂತೆ. ಔಷಧ ಹಲವು ವಾರ ನಡೆಯಿತು. ಒಮ್ಮೆ ತಮ್ಮ ಅವಸರದಲ್ಲಿ ಹಳದಿ ಅಂಚಿನದಕ್ಕೆ ಕೈಹಾಕಿದಾಗ ಅಕ್ಕ ಅದನ್ನು ಅವನ ಕೈಯಿಂದ ಕಿತ್ತುಕೊಂಡು ನೇರವಾಗಿ ಕುದಿನೀರಿನ ಬಕೆಟ್ಟಿಗೆ ಹಾಕಿದಳು. ಬಾಗಿಲ ಹಿಂದಿನ ನೀಲಿ ಟರ್ಕಿ ಟವಲನ್ನು ಚೆನ್ನಾಗಿ ಕುದಿಸಿ, ಒಣಗಿಸಿ, ನಾಲ್ಕಾಗಿ ಕತ್ತರಿಸಿ ಅಡಿಗೆಮನೆಯ ನೆಲ ಒರಸಲು ಕೊಟ್ಟರು. ಮುಂದಿನ ಮಳೆಗಾಲದಲ್ಲಿ ಕಾಲೇಜಿನ ನಾಟಕಕ್ಕೆ ಪಾತ್ರಗಳನ್ನು ಹಂಚುವಾಗ ಆ ಹುಡುಗಿ ಮೊದಲ ಸಾಲಿನಲ್ಲಿಯೇ ಕುಳಿತಿದ್ದಳು, ದುಪಟ್ಟ ಮನೆಯಲ್ಲಿತ್ತು.